ಅಟ್ಟದಿಂದ ಆಟದವರೆಗೆ: ಹಳೆಯ ಸ್ಪೆಕ್ಟ್ರಮ್ ಕಂಪ್ಯೂಟರಿಗೆ ಮತ್ತೆ ಜೀವ ಕೊಡುವುದು ಹೇಗೆ

ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಝಡ್‌ಎಕ್ಸ್ ಸ್ಪೆಕ್ಟ್ರಮ್ ಸಿಕ್ಕಿತು ಅಂದರೆ ಎಲ್ಲರ ಕೈ ಮೊದಲು ಹೋಗುವುದು ಅದರ ಅಡಾಪ್ಟರ್ ಕಡೆಗೆ. ದಯವಿಟ್ಟು ಈಗಲೇ ಪ್ಲಗ್ ಹಾಕಬೇಡಿ. ಮೂವತ್ತು ನಲವತ್ತು ವರ್ಷ ಸುಮ್ಮನೆ ಕೂತ ಮೆಷಿನ್‌ಗಳಲ್ಲಿ ಬಹಳಷ್ಟು ಇವತ್ತಿಗೂ ಸರಿಯಾಗಿಯೇ ಇರುತ್ತವೆ. ಅವುಗಳನ್ನು ಕೆಡಿಸುವುದು ಅವಸರದ ಆ ಮೊದಲ ಐದು ನಿಮಿಷ. ಮೊದಲು ಕರೆಂಟು, ಆಮೇಲೆ ಚಿತ್ರ, ಆಮೇಲೆ ಕೀಲಿಗಳು, ಕೊನೆಗೆ ಕ್ಯಾಸೆಟ್. ಈ ಕ್ರಮ ತಪ್ಪದೆ ನಡೆದರೆ ಒಂದು ವಾರಾಂತ್ಯದಲ್ಲಿ ಆಟದವರೆಗೆ ಬರಬಹುದು.

ಸಿಂಕ್ಲೇರ್ ರಿಸರ್ಚ್ ಕಂಪನಿ ಸ್ಪೆಕ್ಟ್ರಮ್ ಅನ್ನು ಇಂಗ್ಲೆಂಡಿನಲ್ಲಿ 1982ರ ಏಪ್ರಿಲ್ 23ರಂದು ಬಿಡುಗಡೆ ಮಾಡಿತು. 16ಕೆ (16 ಕಿಲೋಬೈಟ್ ಮೆಮೊರಿಯ) ಮಾದರಿಗೆ 125 ಪೌಂಡ್, 48ಕೆ ಮಾದರಿಗೆ 175 ಪೌಂಡ್. 3.5 ಮೆಗಾಹರ್ಟ್ಸ್ ವೇಗದ ಝಡ್80ಎ ಪ್ರೊಸೆಸರ್, ರಬ್ಬರ್ ಕೀಲಿಗಳು, ಮನೆಯ ಟಿವಿಯೇ ಪರದೆ, ಮನೆಯ ಟೇಪ್ ರೆಕಾರ್ಡರೇ ಸಂಗ್ರಹ. 1984ರಲ್ಲಿ ಗಟ್ಟಿ ಪ್ಲಾಸ್ಟಿಕ್ ಕೀಲಿಗಳ ಸ್ಪೆಕ್ಟ್ರಮ್ ಪ್ಲಸ್ ಬಂತು. ಭಾರತದಲ್ಲಿ ಡೆಸಿಬೆಲ್ಸ್ ಎಲೆಕ್ಟ್ರಾನಿಕ್ಸ್ ಕಂಪನಿ ಅದನ್ನೇ ಪರವಾನಗಿ ಪಡೆದು 1980ರ ದಶಕದ ಉತ್ತರಾರ್ಧದಲ್ಲಿ 'ಡಿಬಿ ಸ್ಪೆಕ್ಟ್ರಮ್ ಪ್ಲಸ್' ಹೆಸರಿನಲ್ಲಿ ಮಾರಿತು. ನಮ್ಮಲ್ಲಿ ಸಿಗುವುದು ಒಂದೋ ಅದು, ಇಲ್ಲವೇ ಆ ಕಾಲದಲ್ಲಿ ಬಂಧುಗಳು ವಿದೇಶದಿಂದ ತಂದುಕೊಟ್ಟ ರಬ್ಬರ್ ಕೀಲಿಯದು. ಎರಡರ ಒಳಗಿನ ಬೋರ್ಡ್ ಒಂದೇ ಜಾತಿಯದು, ಹಾಗಾಗಿ ಇಲ್ಲಿ ಹೇಳಿರುವುದರಲ್ಲಿ ಕೀಲಿಮಣೆಯ ಭಾಗ ಬಿಟ್ಟರೆ ಉಳಿದದ್ದೆಲ್ಲ ಎರಡಕ್ಕೂ ಅನ್ವಯ.

ಬೇಕಾದ ಸಾಮಾನು ಹೆಚ್ಚೇನಿಲ್ಲ. ಮಲ್ಟಿಮೀಟರ್, ನಕ್ಷತ್ರ ತುದಿಯ ಸಣ್ಣ ಸ್ಕ್ರೂಡ್ರೈವರ್, ಶಾಖ ಹೊಂದಿಸಬಹುದಾದ ಸೋಲ್ಡರಿಂಗ್ ಐರನ್, ಐಸೊಪ್ರೊಪೈಲ್ ಆಲ್ಕೋಹಾಲ್ (90 ಶೇಕಡಕ್ಕಿಂತ ಮೇಲಿನದು), ಹತ್ತಿ ಕಡ್ಡಿ. ಬೆಂಗಳೂರಿನವರಾದರೆ ಎಸ್‌ಪಿ ರಸ್ತೆಯಲ್ಲಿ ಒಂದು ಸುತ್ತು ಹಾಕಿದರೆ ಇದೆಲ್ಲ ಸಿಗುತ್ತದೆ. ಕೀಲಿಮಣೆಯ ಪೊರೆ (ಕೀಲಿಗಳ ಕೆಳಗಿನ ತೆಳು ಪ್ಲಾಸ್ಟಿಕ್ ಹಾಳೆ) ಮತ್ತು 4116 ಮೆಮೊರಿ ಚಿಪ್ಪುಗಳನ್ನು ಮಾತ್ರ ಆನ್‌ಲೈನಿನಲ್ಲಿ ಹುಡುಕಿ ತರಿಸಬೇಕಾಗಬಹುದು.

ಅಡಾಪ್ಟರ್: ಎಲ್ಲಕ್ಕಿಂತ ಮೊದಲು

ಸ್ಪೆಕ್ಟ್ರಮ್‌ಗೆ ಬೇಕಾದದ್ದು 9 ವೋಲ್ಟ್ ಡಿಸಿ. 48ಕೆ ಮಾದರಿಯ ಮೂಲ ಅಡಾಪ್ಟರಿನ ಮೇಲೆ 1.4 ಆಂಪಿಯರ್ ಎಂದಿರುತ್ತದೆ. ಇಲ್ಲಿ ಒಂದು ಅಪಾಯವಿದೆ. ಇದರ ಪಿನ್ನಿನ ನಡುಭಾಗ ನೆಗೆಟಿವ್, ಹೊರಬಳೆ ಪಾಸಿಟಿವ್. ಇವತ್ತು ಮನೆಯಲ್ಲಿರುವ ರೌಟರ್, ಸಿಸಿಟಿವಿ, ಸೆಟ್‌ಟಾಪ್ ಬಾಕ್ಸ್‌ಗಳ ಅಡಾಪ್ಟರುಗಳೆಲ್ಲ ಹೆಚ್ಚುಕಡಿಮೆ ಇದಕ್ಕೆ ತದ್ವಿರುದ್ಧ, ನಡುವೆ ಪಾಸಿಟಿವ್. ಗಾತ್ರ ಮಾತ್ರ ಒಂದೇ, ಹಾಗಾಗಿ ಸಲೀಸಾಗಿ ಒಳಗೆ ಕೂರುತ್ತದೆ. ತಿರುವುಮುರುವು ಕರೆಂಟನ್ನು ತಡೆಯುವ ವ್ಯವಸ್ಥೆ ಈ ಬೋರ್ಡಿನಲ್ಲಿ ಇಲ್ಲ. ಒಂದು ಸೆಕೆಂಡು ಸಾಕು, ಒಳಗಿನ ಟ್ರಾನ್ಸಿಸ್ಟರ್ ಸುಟ್ಟು, ಅದರ ಬೆನ್ನಿಗೆ ಮೆಮೊರಿ ಚಿಪ್ಪುಗಳೂ ಹೋಗುತ್ತವೆ.

ಮೂಲ ಅಡಾಪ್ಟರ್ ಇದ್ದರೆ ಮೆಷಿನ್‌ಗೆ ಸಿಕ್ಕಿಸದೆ ಮೀಟರಿನಲ್ಲಿ ಅಳೆಯಿರಿ. 13 ಅಥವಾ 14 ವೋಲ್ಟ್ ತೋರಿಸಿದರೆ ಗಾಬರಿ ಬೇಡ. ಅದು ವೋಲ್ಟೇಜನ್ನು ಹಿಡಿದಿಡದ ಹಳೆಯ ಟ್ರಾನ್ಸ್‌ಫಾರ್ಮರ್ ಅಡಾಪ್ಟರ್, ಭಾರ ಬಿದ್ದಾಗ ವೋಲ್ಟೇಜು ಇಳಿಯುತ್ತದೆ. ವೈರಿನ ಮೇಲ್ಪದರ ಬಿರುಕು ಬಿಟ್ಟಿದ್ದರೆ, ಮೀಟರಿನ ಅಂಕೆ ಕುಣಿಯುತ್ತಿದ್ದರೆ, ಟ್ರಾನ್ಸ್‌ಫಾರ್ಮರಿನಿಂದ ಸುಟ್ಟ ವಾಸನೆ ಬಂದರೆ ಅದನ್ನು ನಿವೃತ್ತಿಗೊಳಿಸಿ.

ನಮ್ಮ ಸಲಹೆ ಏನೆಂದರೆ, ಮೂಲದ್ದು ಚೆನ್ನಾಗಿದ್ದರೂ ಅದನ್ನು ನೆನಪಿಗೆ ಇಟ್ಟುಕೊಂಡು ಹೊಸದಾದ 9 ವೋಲ್ಟ್, 2 ಆಂಪಿಯರಿನ, ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ಎಸ್‌ಎಂಪಿಎಸ್ ಅಡಾಪ್ಟರ್ ಬಳಸಿ. ನಮ್ಮ ಊರುಗಳಲ್ಲಿ ವೋಲ್ಟೇಜು ಏರಿದಾಗ ಹಳೆಯ ಅಡಾಪ್ಟರಿನ ಔಟ್‌ಪುಟ್ಟೂ ಏರುತ್ತದೆ, ಅದೆಲ್ಲ ಒಳಗಿನ 7805 ರೆಗ್ಯುಲೇಟರಿನಲ್ಲಿ (ವೋಲ್ಟೇಜನ್ನು 5ಕ್ಕೆ ಇಳಿಸಿ ಹಿಡಿದಿಡುವ ಬಿಡಿಭಾಗ) ಬಿಸಿಯಾಗಿ ಹೊರಬರುತ್ತದೆ. ಗಿಟಾರ್ ಪೆಡಲುಗಳ 9 ವೋಲ್ಟ್ ಅಡಾಪ್ಟರುಗಳಲ್ಲಿ ನಡುಭಾಗ ನೆಗೆಟಿವ್ ಇರುವುದೇ ರೂಢಿ, ಆದರೆ ಹಲವು ಅರ್ಧ ಆಂಪಿಯರನ್ನೂ ಕೊಡುವುದಿಲ್ಲ. ಖರೀದಿಸುವಾಗ ಆಂಪಿಯರ್ ನೋಡಿ. ನಡುವೆ ಪಾಸಿಟಿವ್ ಇರುವುದೇ ಸಿಕ್ಕರೆ ವೈರ್ ಕತ್ತರಿಸಿ, ಅದಲುಬದಲು ಮಾಡಿ ಸೋಲ್ಡರ್ ಹಾಕಿ, ಮೀಟರಿನ ಕೆಂಪು ಕಡ್ಡಿಯನ್ನು ಪಿನ್ನಿನ ಒಳಗೂ ಕಪ್ಪನ್ನು ಹೊರಗೂ ಇಟ್ಟು ಮೈನಸ್ 9 ಬರುವುದನ್ನು ಕಣ್ಣಾರೆ ನೋಡಿದ ಮೇಲೆಯೇ ಮುಂದಿನ ಮಾತು. ಆ ಅಡಾಪ್ಟರಿಗೆ ಚೀಟಿ ಅಂಟಿಸಿಡಿ, ನಾಳೆ ಅದನ್ನು ಯಾರಾದರೂ ರೌಟರಿಗೆ ಸಿಕ್ಕಿಸಬಾರದು.

ಈ ಕಂಪ್ಯೂಟರಿಗೆ ಆನ್ ಆಫ್ ಸ್ವಿಚ್ಚೇ ಇಲ್ಲ. ಪಿನ್ ಎಳೆದು ಹಾಕಿ ಮಾಡುವ ಬದಲು ಗೋಡೆಯ ಸ್ವಿಚ್ಚಿನಲ್ಲೇ ಆನ್ ಆಫ್ ಮಾಡಿ, ಸಾಕೆಟ್ ಬಾಳಿಕೆ ಬರುತ್ತದೆ.

ಬಿಚ್ಚುವುದು ಮತ್ತು ಅಳೆಯುವುದು

ರಬ್ಬರ್ ಕೀಲಿಯ ಮಾದರಿಯ ಅಡಿಯಲ್ಲಿ ಐದು ಸ್ಕ್ರೂ. ಬಿಚ್ಚಿ, ನೆಟ್ಟಗೆ ತಿರುಗಿಸಿಟ್ಟು, ಮೇಲಿನ ಚಿಪ್ಪನ್ನು ಎರಡು ಬೆರಳಷ್ಟು ಮಾತ್ರ ಎತ್ತಿ. ಕೀಲಿಮಣೆಯಿಂದ ಬೋರ್ಡಿಗೆ ಎರಡು ತೆಳು ಪ್ಲಾಸ್ಟಿಕ್ ಪಟ್ಟಿಗಳು ಇಳಿದಿರುತ್ತವೆ. ಜೋರಾಗಿ ಎಳೆದರೆ ಅಲ್ಲಿಗೆ ಮುಗಿಯಿತು. ಪಟ್ಟಿಯ ಬುಡ ಹಿಡಿದು ನೇರ ಮೇಲಕ್ಕೆ, ಬಾಗಿಸದೆ ತೆಗೆಯಿರಿ. ಬೋರ್ಡಿನ ಮೇಲೆ 'ಇಶ್ಯೂ' ಎಂದು ಅಚ್ಚಾಗಿರುವ ಸಂಖ್ಯೆಯನ್ನು ಬರೆದುಕೊಳ್ಳಿ. 2, 3, 3ಬಿ ಹೀಗೆ ಇರುತ್ತದೆ. ಮುಂದೆ ಬಿಡಿಭಾಗ ತರಿಸುವಾಗ ಅದು ಬೇಕು. ಎಲ್ಲ ಕೋನಗಳಿಂದ ಫೋಟೋ ತೆಗೆದಿಡಿ.

ಕೀಲಿಮಣೆ ಇಲ್ಲದೆಯೂ ಬೋರ್ಡ್ ಚಾಲೂ ಆಗುತ್ತದೆ, ಹಾಗಾಗಿ ಪರೀಕ್ಷೆಗೆ ಬೋರ್ಡನ್ನು ಒಣ ಮರದ ಹಲಗೆಯ ಮೇಲಿಟ್ಟುಕೊಳ್ಳಿ.

ಕರೆಂಟು ಕೊಡುವ ಮುಂಚೆ ಒಂದು ಅಳತೆ. ಕೆಳಗಿನ 16ಕೆ ಮೆಮೊರಿಗೆ 4116 ಎಂಬ ಎಂಟು ಚಿಪ್ಪುಗಳಿವೆ, ಬೋರ್ಡಿನಲ್ಲಿ ಐಸಿ6ರಿಂದ ಐಸಿ13. ಯಾವುದಾದರೂ ಒಂದರ 8ನೇ ಪಿನ್ ಮತ್ತು 16ನೇ ಪಿನ್ ನಡುವೆ ರೆಸಿಸ್ಟೆನ್ಸ್ ನೋಡಿ. ಬೆರಳೆಣಿಕೆಯ ಓಮ್ ಬಂದರೆ ಎಲ್ಲೋ ಒಂದು ಚಿಪ್ಪು ಶಾರ್ಟ್ ಆಗಿದೆ, ಕರೆಂಟು ಕೊಡಬೇಡಿ. ಇಲ್ಲದಿದ್ದರೆ ಅಡಾಪ್ಟರ್ ಹಾಕಿ, ಮೀಟರಿನ ಕಪ್ಪು ಕಡ್ಡಿಯನ್ನು 7805ರ ಹೀಟ್‌ಸಿಂಕಿಗೆ (ಶಾಖ ಹೊರಹಾಕುವ ಲೋಹದ ತಗಡು) ಒತ್ತಿ ಹಿಡಿದು, ಅದೇ ಚಿಪ್ಪಿನಲ್ಲಿ ಮೂರು ಕಡೆ ಅಳೆಯಿರಿ:

9ನೇ ಪಿನ್: ಪ್ಲಸ್ 5 ವೋಲ್ಟ್
8ನೇ ಪಿನ್: ಪ್ಲಸ್ 12 ವೋಲ್ಟ್
1ನೇ ಪಿನ್: ಮೈನಸ್ 5 ವೋಲ್ಟ್

ಈ ಮೂರು ಅಂಕೆಗಳಲ್ಲಿ ಮುಕ್ಕಾಲು ರಿಪೇರಿ ಅಡಗಿದೆ. 4116 ಚಿಪ್ಪಿಗೆ ಮೂರೂ ವೋಲ್ಟೇಜು ಬೇಕು. ಮೈನಸ್ 5 ಇಲ್ಲದೆ ಪ್ಲಸ್ 12 ಮಾತ್ರ ಬರುತ್ತಿದ್ದರೆ ಚಿಪ್ಪುಗಳು ಬಿಸಿಯಾಗಿ ಒಂದೊಂದಾಗಿ ಸಾಯುತ್ತವೆ. ಅದಕ್ಕೇ ಈ ಅಳತೆಯನ್ನು ಹತ್ತು ಸೆಕೆಂಡಿನಲ್ಲಿ ಮುಗಿಸಿ ಆಫ್ ಮಾಡಬೇಕು. 12 ಮತ್ತು ಮೈನಸ್ 5 ಎರಡನ್ನೂ ಹುಟ್ಟಿಸುವುದು ಟಿಆರ್4, ಟಿಆರ್5 ಎಂಬ ಎರಡು ಟ್ರಾನ್ಸಿಸ್ಟರುಗಳು ಮತ್ತು ಒಂದು ತಾಮ್ರದ ಸುರುಳಿ ಇರುವ ಸಣ್ಣ ಸರ್ಕೀಟು. ಇದರಲ್ಲಿ ಸಾಮಾನ್ಯವಾಗಿ ಸಾಯುವುದು ಟಿಆರ್4, ಅದರ ಬದಲಿ ಝಡ್‌ಟಿಎಕ್ಸ್650. ಆದರೆ ಹೊಸ ಟಿಆರ್4 ಹಾಕಿದ ಕೂಡಲೇ ಮತ್ತೆ ಸತ್ತರೆ ತಪ್ಪು ಟ್ರಾನ್ಸಿಸ್ಟರಿನದಲ್ಲ. ಶಾರ್ಟ್ ಆದ 4116 ಅದನ್ನು ಕೊಲ್ಲುತ್ತಿದೆ. ಮೊದಲು ಆ ಚಿಪ್ಪನ್ನು ಹುಡುಕಿ ತೆಗೆಯಬೇಕು.

5 ವೋಲ್ಟ್ ಮಾತ್ರ ಇಲ್ಲ, ಅಡಾಪ್ಟರಿನಿಂದ 9 ಬರುತ್ತಿದೆ ಎಂದಾದರೆ 7805 ಬದಲಿಸಿ. ಅದೇ ಮೂರು ಕಾಲಿನ ಜಾಗಕ್ಕೆ ಕೂರುವ, 1 ಆಂಪಿಯರಿನ ಸ್ವಿಚಿಂಗ್ ರೆಗ್ಯುಲೇಟರುಗಳು ಈಗ ಸಿಗುತ್ತವೆ. ಹೀಟ್‌ಸಿಂಕಿನ ಶಾಖವೇ ಇಲ್ಲವಾಗುತ್ತದೆ. ಬೆಲೆ ಜಾಸ್ತಿ, ಆದರೆ ನಮ್ಮ ಬೇಸಿಗೆಯಲ್ಲಿ ಗಂಟೆಗಟ್ಟಲೆ ಆಡುವವರಿಗೆ ಇದು ಖರ್ಚಲ್ಲ.

ಎಲೆಕ್ಟ್ರೊಲೈಟಿಕ್ ಕೆಪಾಸಿಟರುಗಳನ್ನು ಬದಲಿಸಬೇಕೇ? ಹೌದು, ಕೆಟ್ಟಿಲ್ಲದಿದ್ದರೂ ಬದಲಿಸಿ. ಒಳಗಿನ ದ್ರವ ಒಣಗಿ ಅವುಗಳ ಶಕ್ತಿ ಕುಂದಿರುತ್ತದೆ, ಕೆಲವು ಸೋರಿ ಬೋರ್ಡಿನ ತಾಮ್ರವನ್ನೂ ತಿಂದಿರುತ್ತವೆ. ಬಹುತೇಕ 22 ಮತ್ತು 100 ಮೈಕ್ರೋಫ್ಯಾರಡಿನವು, ಎರಡು ತುದಿಯಿಂದ ತಂತಿ ಹೊರಟಿರುವ ಮಲಗಿದ ಜಾತಿಯವು. ಬೋರ್ಡಿನ ಇಶ್ಯೂ ಸಂಖ್ಯೆ ಹೇಳಿದರೆ ಪೂರ್ತಿ ಸೆಟ್ಟಾಗಿಯೇ ಮಾರುತ್ತಾರೆ. ಒಂದನ್ನು ತೆಗೆದು ಅದರ ಜಾಗಕ್ಕೆ ಹೊಸದನ್ನು ಹಾಕಿ, ಆಮೇಲೆ ಮುಂದಿನದು. ಎಲ್ಲವನ್ನೂ ಒಟ್ಟಿಗೆ ಕಿತ್ತರೆ ಪ್ಲಸ್ ಮೈನಸ್ ದಿಕ್ಕು ತಪ್ಪುತ್ತದೆ. ಐರನ್ 320 ಡಿಗ್ರಿ ದಾಟದಿರಲಿ. ಈ ಬೋರ್ಡಿನ ತಾಮ್ರದ ಗೆರೆಗಳು ಬಹಳ ನಾಜೂಕು, ಶಾಖ ಹೆಚ್ಚಾದರೆ ಸಿಪ್ಪೆಯಂತೆ ಏಳುತ್ತವೆ.

ಚಿತ್ರ

ಸ್ಪೆಕ್ಟ್ರಮ್ ಟಿವಿಯ ಆಂಟೆನಾ ಸಾಕೆಟ್ಟಿಗೆ ಯುಎಚ್‌ಎಫ್ 36ನೇ ಚಾನೆಲ್ಲಿನಲ್ಲಿ ಚಿತ್ರ ಕಳಿಸುತ್ತದೆ. ಮನೆಯಲ್ಲಿ ಹಳೆಯ ಪಿಕ್ಚರ್ ಟ್ಯೂಬ್ ಟಿವಿ ಇನ್ನೂ ಇದ್ದರೆ ಅದನ್ನು ದಾನ ಮಾಡಬೇಡಿ, ಈ ಕೆಲಸಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ. ಹೊಸ ಟಿವಿಗಳಲ್ಲಿ ಆಂಟೆನಾದ ಚಿತ್ರ ಮಸುಕುಮಸುಕಾಗಿ ಬರುತ್ತದೆ, ಅಥವಾ ಬರುವುದೇ ಇಲ್ಲ. ಆಗ ಕಾಂಪೊಸಿಟ್ ವಿಡಿಯೋಗೆ (ಟಿವಿಯ ಹಳದಿ ಎವಿ ಕಿಂಡಿಗೆ ಹೋಗುವ ಸಂಕೇತ) ಬದಲಿಸಿಕೊಳ್ಳಬೇಕು.

ಬೋರ್ಡಿನ ಮೇಲ್ತುದಿಯಲ್ಲಿ ಎಡಗಡೆ ಇರುವ ಬೆಳ್ಳಿಬಣ್ಣದ ಡಬ್ಬಿಯ ಮುಚ್ಚಳ ಎತ್ತಿ. ಬೋರ್ಡಿನಿಂದ ಅದರೊಳಕ್ಕೆ ಎರಡು ವೈರು ಹೋಗುತ್ತವೆ, ಒಂದು 5 ವೋಲ್ಟಿನದು, ಇನ್ನೊಂದು ವಿಡಿಯೋ. ಯಾವುದು ಯಾವುದೆಂದು ಮೀಟರಿನಿಂದ ಖಚಿತ ಮಾಡಿಕೊಳ್ಳಿ. ಎರಡನ್ನೂ ಡಬ್ಬಿಯಿಂದ ಬಿಡಿಸಿ. 5 ವೋಲ್ಟಿನ ತುದಿಗೆ ಟೇಪ್ ಸುತ್ತಿ ಬದಿಗಿಡಿ, ಅದು ಡಬ್ಬಿಗೆ ತಾಗಿದರೆ ನೇರ ಶಾರ್ಟ್. ಹೊರಗಿನ ಸಾಕೆಟ್ಟಿನ ನಡುಪಿನ್ನಿಗೆ ಡಬ್ಬಿಯ ಒಳಗಿನಿಂದ ಬಂದಿರುವ ರೆಸಿಸ್ಟರಿನ ಕಾಲನ್ನು ಕತ್ತರಿಸಿ, ಅದೇ ಪಿನ್ನಿಗೆ ವಿಡಿಯೋ ವೈರನ್ನು ಸೋಲ್ಡರ್ ಮಾಡಿ. ಚಿತ್ರದ ಬೆಳಕು ಏರುಪೇರಾದರೆ ನಡುವೆ 100 ಮೈಕ್ರೋಫ್ಯಾರಡಿನ ಕೆಪಾಸಿಟರ್ ಹಾಕಿ, ಪ್ಲಸ್ ತುದಿ ಬೋರ್ಡಿನ ಕಡೆ. ಇನ್ನು ಆ ಸಾಕೆಟ್ಟಿನಿಂದ ಟಿವಿಯ ಹಳದಿ ಎವಿ ಕಿಂಡಿಗೆ ಸಾಮಾನ್ಯ ಆರ್‌ಸಿಎ ವೈರ್ ಸಾಕು. ಕಿತ್ತದ್ದನ್ನು ಮತ್ತೆ ಮೊದಲಿನಂತೆ ಜೋಡಿಸಬಹುದಾದ್ದರಿಂದ ಹಳೆಯ ವಸ್ತುವಿಗೆ ಅನ್ಯಾಯ ಮಾಡಿದಂತಾಗುವುದಿಲ್ಲ.

ಆನ್ ಮಾಡಿದಾಗ ಪರದೆ ಒಂದು ಕ್ಷಣ ಕಪ್ಪಾಗಿ, ಮೆಮೊರಿ ಪರೀಕ್ಷೆ ಮುಗಿದು, ಬೆಳ್ಳಗಾಗಿ, ಕೆಳಗೆ 1982 ಸಿಂಕ್ಲೇರ್ ರಿಸರ್ಚ್ ಎಂಬ ಸಾಲು ಬಂದರೆ ಕರೆಂಟು, ಪ್ರೊಸೆಸರ್, ರಾಮ್ ರೋಮ್ ಎಲ್ಲ ಹೆಚ್ಚುಕಡಿಮೆ ಕ್ಷೇಮ. ಬದಲಿಗೆ ಉದ್ದ ಪಟ್ಟೆಗಳೋ ಬಣ್ಣದ ಚೌಕಗಳೋ ನಿಂತಲ್ಲೇ ನಿಂತಿವೆ ಎಂದಾದರೆ, ಮೆಮೊರಿಯಲ್ಲಿ ಆನ್ ಆದಾಗ ಇದ್ದ ಕಸವನ್ನೇ ಯುಎಲ್‌ಎ ಎಂಬ, ಚಿತ್ರ ಮೂಡಿಸುವ ಚಿಪ್ಪು ತೋರಿಸುತ್ತಿದೆ, ಅದನ್ನು ಅಳಿಸಬೇಕಾದ ಪ್ರೊಸೆಸರ್ ಕೆಲಸ ಶುರು ಮಾಡಿಲ್ಲ ಎಂದರ್ಥ. ಮತ್ತೆ ಆ ಮೂರು ವೋಲ್ಟೇಜು ನೋಡಿ. ಅವು ಸರಿಯಿದ್ದರೆ ಕರೆಂಟು ತೆಗೆದು, ಸಾಕೆಟ್ಟಿನಲ್ಲಿ ಕೂತಿರುವ ಯುಎಲ್‌ಎಯನ್ನು ಎರಡೂ ತುದಿಯಿಂದ ಸಮನಾಗಿ ಮೀಟಿ ಎತ್ತಿ, ಕಾಲುಗಳನ್ನು ಆಲ್ಕೋಹಾಲಿನಲ್ಲಿ ಒರೆಸಿ ಮತ್ತೆ ಕೂರಿಸಿ. ಕರಾವಳಿ, ಮಲೆನಾಡಿನ ತೇವದಲ್ಲಿದ್ದ ಮೆಷಿನ್‌ಗಳಲ್ಲಿ ಇಷ್ಟರಿಂದಲೇ ಜೀವ ಬರುವುದುಂಟು. ಪ್ರತಿ ಎಂಟು ಚುಕ್ಕೆಗೊಮ್ಮೆ ಒಂದೇ ಜಾಗದಲ್ಲಿ ಸಣ್ಣ ಗೆರೆ ಮರುಕಳಿಸುತ್ತಿದ್ದರೆ ಎಂಟು 4116ಗಳಲ್ಲಿ ಒಂದೇ ಒಂದು ಕೆಟ್ಟಿದೆ, ಯಾಕೆಂದರೆ ಒಂದೊಂದು ಚಿಪ್ಪು ಪ್ರತಿ ಬೈಟಿನ ಒಂದೊಂದು ಬಿಟ್ಟನ್ನು ಮಾತ್ರ ಹಿಡಿದಿರುತ್ತದೆ. ಕೆಟ್ಟದ್ದನ್ನು ತೆಗೆಯುವಾಗ ಚಿಪ್ಪನ್ನು ಉಳಿಸಲು ಹೋಗಬೇಡಿ. ಕಾಲುಗಳನ್ನು ಕತ್ತರಿಸಿ, ಒಂದೊಂದೇ ಕಾಲನ್ನು ಬಿಸಿ ಮಾಡಿ ತೆಗೆದು, ಸಾಕೆಟ್ ಹಾಕಿ ಹೊಸ ಚಿಪ್ಪು ಕೂರಿಸಿ. ಉಳಿಸಬೇಕಾದದ್ದು ಬೋರ್ಡು.

ಕೀಲಿಗಳು

ರಬ್ಬರ್ ಚಾಪೆಯ ಕೆಳಗಿನ ಪ್ಲಾಸ್ಟಿಕ್ ಪೊರೆಯ ಬಾಲಗಳು (ಬೋರ್ಡಿಗೆ ಇಳಿಯುವ ಆ ಎರಡು ಪಟ್ಟಿಗಳು) ಒಣಗಿ ಬಿರುಕು ಬಿಡುವುದು ಈ ಕಂಪ್ಯೂಟರಿನ ಅತಿ ಸಾಮಾನ್ಯ ರೋಗ. 40 ಕೀಲಿಗಳು 8 ಮತ್ತು 5 ಗೆರೆಗಳ ಜಾಲದಲ್ಲಿ ಹೆಣೆದುಕೊಂಡಿವೆ. ಯಾವ ಕೀಲಿಗಳು ಸತ್ತಿವೆ ಎಂದು ನೋಡಿದರೆ ಯಾವ ಬಾಲ ತುಂಡಾಗಿದೆ ಎಂದು ಗೊತ್ತಾಗುತ್ತದೆ. ಅಕ್ಕಪಕ್ಕದ ಐದು ಕೀಲಿ, ಉದಾಹರಣೆಗೆ 1ರಿಂದ 5 ಅಥವಾ ಕ್ಯೂನಿಂದ ಟಿವರೆಗೆ, ಒಟ್ಟಿಗೆ ಸತ್ತಿದ್ದರೆ ಎಂಟು ಗೆರೆಯ ಬಾಲದಲ್ಲಿ ತೊಂದರೆ. 1, 0, ಕ್ಯೂ, ಪಿ, ಎ, ಎಂಟರ್, ಕ್ಯಾಪ್ಸ್ ಶಿಫ್ಟ್, ಸ್ಪೇಸ್ ಹೀಗೆ ಎರಡೂ ಅಂಚಿನ ಕೀಲಿಗಳು ಸತ್ತಿದ್ದರೆ ಐದು ಗೆರೆಯ ಬಾಲದಲ್ಲಿ.

ಬಿರುಕು ತುದಿಯಲ್ಲೇ ಇದ್ದರೆ ಮೂರು ನಾಲ್ಕು ಮಿಲಿಮೀಟರ್ ನೇರವಾಗಿ ಕತ್ತರಿಸಿ ಮತ್ತೆ ಸಿಕ್ಕಿಸಿ ನೋಡಬಹುದು. ಇದು ತಾತ್ಕಾಲಿಕ ಉಪಾಯ, ಬಾಲ ಗಿಡ್ಡವಾಗುತ್ತದೆ ಅಷ್ಟೇ. ಹೊಸದಾಗಿ ತಯಾರಾದ ಪೊರೆಗಳು ಸಿಗುವಾಗ ಹಳೆಯದರ ಜೊತೆ ಗುದ್ದಾಡುವುದು ದಂಡ. ಹಾಕುವ ವಿಧಾನ: ಮೇಲಿನ ಕಪ್ಪು ಅಲ್ಯೂಮಿನಿಯಂ ತಗಡು ಎರಡು ಬದಿಯ ಅಂಟುಪಟ್ಟಿಯಿಂದ ಕೂತಿದೆ. ಹೇರ್ ಡ್ರೈಯರಿನಿಂದ ಎರಡು ಮೂರು ನಿಮಿಷ ಅಂಚುಗಳಿಗೆ ಶಾಖ ಕೊಡಿ. ಹಳೆಯ ಎಟಿಎಂ ಕಾರ್ಡನ್ನು ಅಂಚಿನ ಕೆಳಗೆ ತೂರಿಸಿ ಸ್ವಲ್ಪಸ್ವಲ್ಪವೇ ಮುಂದೆ ಸರಿಸಿ. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ತಗಡು ಬಾಗುತ್ತದೆ, ಬಾಗಿದ ಗೆರೆ ಮತ್ತೆಂದೂ ಮಾಯುವುದಿಲ್ಲ. ಚಾಪೆ ಎತ್ತಿ, ಹಳೆಯ ಪೊರೆ ತೆಗೆದು, ಹೊಸದರ ಎರಡು ಬಾಲಗಳನ್ನು ಸೀಳಿನ ಮೂಲಕ ಇಳಿಸಿ. ಚಾಪೆಯನ್ನು ಉಗುರುಬೆಚ್ಚನೆ ನೀರು ಮತ್ತು ಪಾತ್ರೆ ತೊಳೆಯುವ ಸೋಪಿನಿಂದ ತೊಳೆದು ಪೂರ್ತಿ ಒಣಗಿಸಿ. ಆಲ್ಕೋಹಾಲ್ ಬೇಡ, ಕೀಲಿಗಳ ಮೇಲಿನ ಅಕ್ಷರ ಅಳಿಸುತ್ತದೆ. ಸ್ಪೆಕ್ಟ್ರಮ್ ಪ್ಲಸ್‌ನ ಪೊರೆ ಬೇರೆಯೇ ವಿನ್ಯಾಸದ್ದು, ಒಂದರದ್ದು ಇನ್ನೊಂದಕ್ಕೆ ಹೊಂದುವುದಿಲ್ಲ.

ಈಗ ಮೇಲಿನ 32ಕೆ ಮೆಮೊರಿಯ ಪರೀಕ್ಷೆ. ಪಿ ಕೀಲಿ ಒತ್ತಿದರೆ ಪ್ರಿಂಟ್ ಎಂಬ ಪೂರ್ತಿ ಪದವೇ ಬರುತ್ತದೆ. ಕ್ಯಾಪ್ಸ್ ಶಿಫ್ಟ್ ಮತ್ತು ಸಿಂಬಲ್ ಶಿಫ್ಟ್ ಒಟ್ಟಿಗೆ ಒತ್ತಿ ಬಿಟ್ಟು, ಓ ಒತ್ತಿದರೆ ಪೀಕ್. ಪ್ಲಸ್ ಚಿಹ್ನೆಗೆ ಸಿಂಬಲ್ ಶಿಫ್ಟ್ ಹಿಡಿದು ಕೆ, ಗುಣಾಕಾರಕ್ಕೆ ಬಿ. ಹೀಗೆ ಟೈಪ್ ಮಾಡಿ:

ಪ್ರಿಂಟ್ ಪೀಕ್ 23732+256*ಪೀಕ್ 23733

ಎಂಟರ್ ಒತ್ತಿದಾಗ 65535 ಬಂದರೆ 48ಕೆ ಪೂರ್ತಿ ಇದೆ. 32767 ಬಂದರೆ ಮೆಷಿನ್ 16ಕೆ ಮಾತ್ರ ಕಾಣುತ್ತಿದೆ, ಮೇಲಿನ ಮೆಮೊರಿಯ ಚಿಪ್ಪುಗಳು (ಐಸಿ15ರಿಂದ 22) ಅಥವಾ ಅವುಗಳ ಪಕ್ಕದ ಲಾಜಿಕ್ ಚಿಪ್ಪುಗಳಲ್ಲಿ ದೋಷವಿದೆ. ನಡುವಿನ ಯಾವುದೋ ಸಂಖ್ಯೆ ಬಂದರೆ ಆ ವಿಳಾಸದಲ್ಲಿ ಪರೀಕ್ಷೆ ಸೋತು ನಿಂತಿದೆ.

ಕ್ಯಾಸೆಟ್: ಈ ಕಂಪ್ಯೂಟರಿನ ಹೃದಯ

ಎಸ್‌ಡಿ ಕಾರ್ಡಿನಿಂದ ಒಂದು ಸೆಕೆಂಡಿನಲ್ಲಿ ಆಟ ತುಂಬುವ ಸಾಧನಗಳು ಇವೆ. ಒಳ್ಳೆಯವೇ. ಆದರೂ ಮೊದಲ ಸಲ ಕ್ಯಾಸೆಟ್ಟಿನಿಂದಲೇ ತುಂಬಿಸಿ ನೋಡಿ ಎಂದು ಒತ್ತಾಯಿಸುತ್ತೇವೆ. ಕೀರಲು ಸದ್ದು, ಪರದೆಯ ಅಂಚಿನ ಪಟ್ಟೆಗಳು, ನಾಲ್ಕೈದು ನಿಮಿಷ ಉಸಿರು ಬಿಗಿಹಿಡಿದು ಕಾಯುವುದು, ಇವಿಲ್ಲದೆ ಆ ಕಾಲದ ಆಟದ ಅರ್ಧ ಅನುಭವ ತಪ್ಪಿಹೋಗುತ್ತದೆ.

ಮಳೆಗಾಲ ಹಲವು ಕಂಡ ಕ್ಯಾಸೆಟ್ಟಿನ ಸುರುಳಿಯ ಅಂಚಿನಲ್ಲಿ ಬಿಳಿ ಬೂಷ್ಟು ಇದೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ಇದ್ದರೆ ಅದನ್ನು ಪ್ಲೇಯರಿಗೆ ಹಾಕಬೇಡಿ, ಬೂಷ್ಟು ಹೆಡ್ಡಿಗೆ ಅಂಟಿ ಮುಂದಿನ ಕ್ಯಾಸೆಟ್ಟುಗಳಿಗೂ ಹರಡುತ್ತದೆ. ಚೆನ್ನಾಗಿರುವುದನ್ನು ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಓಡಿಸಿ ಸಡಿಲ ಮಾಡಿ. ಟೇಪ್ ರೆಕಾರ್ಡರಿನ ಹೆಡ್ ಮತ್ತು ರಬ್ಬರ್ ಉರುಳೆಯನ್ನು ಆಲ್ಕೋಹಾಲ್ ಅದ್ದಿದ ಹತ್ತಿ ಕಡ್ಡಿಯಿಂದ ಕಂದು ಬಣ್ಣ ಬಿಡುವುದು ನಿಲ್ಲುವವರೆಗೂ ಒರೆಸಿ. ಬೆಲ್ಟ್ ಹಿಗ್ಗಿದ್ದರೆ ವೇಗ ತೂಗಾಡುತ್ತದೆ, ಹಾಡು ಕೇಳುವಾಗ ಗೊತ್ತಾಗದ ಈ ತೂಗಾಟ ಡೇಟಾವನ್ನು ಕೆಡಿಸುತ್ತದೆ. ಹೊಸ ಬೆಲ್ಟ್ ಹಳೆಯದಕ್ಕಿಂತ ಸ್ವಲ್ಪ ಚಿಕ್ಕದಿರಲಿ.

ರೆಕಾರ್ಡರಿನ ಇಯರ್‌ಫೋನ್ ಕಿಂಡಿಯಿಂದ ಸ್ಪೆಕ್ಟ್ರಮಿನ ಇಯರ್ ಕಿಂಡಿಗೆ 3.5 ಮಿಲಿಮೀಟರಿನ ಮೊನೊ ವೈರ್ ಹಾಕಿ. ಮೈಕ್ ವೈರನ್ನು ಲೋಡ್ ಮಾಡುವಾಗ ತೆಗೆದಿಡಿ. ಶಬ್ದ ಮುಕ್ಕಾಲು, ಟ್ರೆಬಲ್ ಪೂರ್ತಿ ಮೇಲೆ, ಬಾಸ್ ಪೂರ್ತಿ ಕೆಳಗೆ. ಜೆ ಕೀಲಿ ಒತ್ತಿದರೆ ಲೋಡ್, ಸಿಂಬಲ್ ಶಿಫ್ಟ್ ಹಿಡಿದು ಪಿ ಎರಡು ಸಲ ಒತ್ತಿದರೆ ಉದ್ಧರಣ ಚಿಹ್ನೆಗಳು, ಆಮೇಲೆ ಎಂಟರ್. ಪ್ಲೇ ಒತ್ತಿ.

ಆಗ ಏನಾಗುತ್ತದೆ ಎಂದು ಗೊತ್ತಿದ್ದರೆ ಎಲ್ಲಿ ತಪ್ಪಿತು ಎಂಬುದೂ ಗೊತ್ತಾಗುತ್ತದೆ. ಮೊದಲು ಸುಮಾರು ಐದು ಸೆಕೆಂಡು ಒಂದೇ ಸ್ವರ, ಸುಮಾರು 800 ಹರ್ಟ್ಸ್. ಅಂಚಿನಲ್ಲಿ ಕೆಂಪು ಮತ್ತು ತಿಳಿನೀಲಿಯ ದಪ್ಪ ಪಟ್ಟೆಗಳು ನಿಧಾನಕ್ಕೆ ಸರಿಯುತ್ತವೆ. ಇದು ಕಂಪ್ಯೂಟರ್ ವೇಗಕ್ಕೆ ಹೊಂದಿಕೊಳ್ಳಲು ಕೊಡುವ ಸಮಯ. ಮರುಕ್ಷಣ ನೀಲಿ ಹಳದಿಯ ಸಣ್ಣ ಪಟ್ಟೆಗಳು ಚಿಟಿಕೆ ಹೊಡೆಯುವಷ್ಟು ಹೊತ್ತು ಮಿಂಚುತ್ತವೆ. ಅದು 17 ಬೈಟಿನ ಶಿರೋಭಾಗ, ಪ್ರೋಗ್ರಾಮಿನ ಹೆಸರು ಪರದೆಯ ಮೇಲೆ ಮೂಡುತ್ತದೆ. ಮತ್ತೆ ಎರಡು ಸೆಕೆಂಡು ಅದೇ ಸ್ವರ, ಆಮೇಲೆ ನಿಜವಾದ ಡೇಟಾ. ಸೊನ್ನೆ ಬಿಟ್ಟಿಗೆ ಸುಮಾರು 2047 ಹರ್ಟ್ಸಿನ ಒಂದು ಅಲೆ, ಒಂದಕ್ಕೆ ಅದರ ಅರ್ಧ ಕಂಪನಾಂಕದ ಅಲೆ. ಸೊನ್ನೆಗಳು ಬೇಗ ಮುಗಿಯುತ್ತವೆ, ಒಂದುಗಳು ಎರಡರಷ್ಟು ಹೊತ್ತು ಹಿಡಿಯುತ್ತವೆ.

ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಚಿಕ್ಕದೊಂದು ಭಾಗ ಬಂದ ಮೇಲೆ ಬರುವುದು ಸಾಮಾನ್ಯವಾಗಿ ಆಟದ ಮುಖಚಿತ್ರ. 6912 ಬೈಟು, ಸುಮಾರು 40 ಸೆಕೆಂಡು. ಇದನ್ನು ಗಮನವಿಟ್ಟು ನೋಡಿ. ಚಿತ್ರ ಮೇಲಿಂದ ಕೆಳಕ್ಕೆ ನೇರ ಇಳಿಯುವುದಿಲ್ಲ. ಪರದೆಯ ಮೇಲಿನ ಮೂರನೇ ಒಂದು ಭಾಗದಲ್ಲಿ ಎಂಟು ಗೆರೆಗೊಂದರಂತೆ ಬಿಟ್ಟುಬಿಟ್ಟು ತುಂಬುತ್ತದೆ, ಮತ್ತೆ ಮೇಲಕ್ಕೆ ಬಂದು ನಡುವಿನ ಖಾಲಿ ಗೆರೆಗಳನ್ನು ತುಂಬುತ್ತದೆ. ಮೇಲ್ಭಾಗ ಮುಗಿದ ಮೇಲೆ ನಡುಭಾಗ, ಆಮೇಲೆ ಕೆಳಭಾಗ. ಅಲ್ಲಿಯವರೆಗೂ ಕಪ್ಪು ಬಿಳುಪು. ಕೊನೆಯ 768 ಬೈಟು ಬಂದಾಗ ಬಣ್ಣಗಳು ಸಾಲುಸಾಲಾಗಿ ಹೊದಿಸಿಕೊಳ್ಳುತ್ತವೆ. ಪ್ರತಿ 8 ಚುಕ್ಕೆ ಅಗಲ, 8 ಚುಕ್ಕೆ ಎತ್ತರದ ಚೌಕಕ್ಕೆ ಎರಡೇ ಬಣ್ಣ. ಆಟದಲ್ಲಿ ಒಬ್ಬ ಇನ್ನೊಬ್ಬನ ಪಕ್ಕ ಹಾದಾಗ ಅವನ ಬಣ್ಣ ಇವನಿಗೆ ಅಂಟಿಕೊಳ್ಳುವುದು ಇದೇ ಕಾರಣಕ್ಕೆ. ಅದು ನಿಮ್ಮ ಟಿವಿಯ ದೋಷವಲ್ಲ.

ಪಟ್ಟೆಗಳೇ ಕಾಣದಿದ್ದರೆ ಸಂಕೇತ ಒಳಗೆ ತಲುಪುತ್ತಿಲ್ಲ: ವೈರು, ಕಿಂಡಿ, ಶಬ್ದ ನೋಡಿ. ಪಟ್ಟೆಗಳು ಕಂಡರೂ ಅಸಮವಾಗಿ ನಡುಗುತ್ತಿದ್ದರೆ ಶಬ್ದವನ್ನು ಒಂದೊಂದೇ ಹಂತ ಏರಿಸಿ, ಆಗದಿದ್ದರೆ ಇಳಿಸಿ. ಹೆಸರು ಬಂದ ಮೇಲೆ ನಡುವೆ 'ಆರ್ ಟೇಪ್ ಲೋಡಿಂಗ್ ಎರರ್' ಬಂದರೆ ಸಂಕೇತ ನಡುವೆ ಕಡಿದಿದೆ, ಇಲ್ಲವೇ ಕೊನೆಯ ತಾಳೆ ಬೈಟು ಹೊಂದಲಿಲ್ಲ. ಒಂದೇ ಜಾಗದಲ್ಲಿ ಪ್ರತಿಸಲ ಸೋತರೆ ಟೇಪಿನ ಆ ಜಾಗ ಸವೆದಿದೆ. ಬೇರೆಬೇರೆ ಜಾಗದಲ್ಲಿ ಸೋತರೆ ಹೆಡ್ಡಿನ ಕೋನ ತಪ್ಪಿದೆ. ಹೆಡ್ಡಿನ ಪಕ್ಕ, ಸ್ಪ್ರಿಂಗ್ ಇರುವ ಕಡೆಯ ಸ್ಕ್ರೂವನ್ನು ಕ್ಯಾಸೆಟ್ ಓಡುತ್ತಿರುವಾಗಲೇ ಕೂದಲೆಳೆಯಷ್ಟು ತಿರುಗಿಸಿ. ಸ್ಪೀಕರಿನಲ್ಲಿ ಕೇಳುವ ಕೀರಲು ಅತಿ ಚೂಪಾಗಿ ಕೇಳಿಸುವ ಜಾಗವೇ ಸರಿಯಾದ ಕೋನ. ಆ ಕ್ಯಾಸೆಟ್ ರೆಕಾರ್ಡ್ ಆದ ಮೆಷಿನ್ನಿನ ಕೋನ ಅದು, ಇನ್ನೊಂದು ಕ್ಯಾಸೆಟ್ಟಿಗೆ ಮತ್ತೆ ಹೊಂದಿಸಬೇಕಾಗಬಹುದು.

ಟೇಪ್ ರೆಕಾರ್ಡರ್ ಇಲ್ಲದವರು ಫೋನ್ ಬಳಸಬಹುದು. ಟಿಝಡ್‌ಎಕ್ಸ್ ಅಥವಾ ಟ್ಯಾಪ್ ಎಂಬ, ಕ್ಯಾಸೆಟ್ಟಿನ ಪ್ರತಿಯಾದ ಕಡತಗಳನ್ನು ಶಬ್ದವಾಗಿ ನುಡಿಸುವ ಆ್ಯಪ್‌ಗಳಿವೆ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ನಡುವೆ ಬರುವ ಒಂದು ಮೆಸೇಜಿನ ಟಿಂಗ್ ಸದ್ದು ನಾಲ್ಕು ನಿಮಿಷದ ಕಾಯುವಿಕೆಯನ್ನು ಮಣ್ಣುಪಾಲು ಮಾಡುತ್ತದೆ. ಈಕ್ವಲೈಸರ್, ಡಾಲ್ಬಿ ಎಲ್ಲ ಬಂದ್. ಶಬ್ದ ಪೂರ್ತಿ. ಕೆಲವು ಫೋನುಗಳ ಶಬ್ದ ಸಾಲುವುದಿಲ್ಲ, ನಡುವೆ ಚಿಕ್ಕ ಆಂಪ್ಲಿಫಯರ್ ಬೇಕು. ಎಡ ಚಾನೆಲ್ಲನ್ನು ಮಾತ್ರ ಕೊಡುವ ಸ್ಟೀರಿಯೊ ಮೊನೊ ವೈರ್ ಉತ್ತಮ. ಎಂಪಿ3 ಮಾಡಬೇಡಿ. ಕಿವಿಗೆ ಬೇಡವೆಂದು ಅದು ಎಸೆಯುವ ವಿವರಗಳೇ ವೇಗದ ಲೋಡರ್ ಇರುವ ಆಟಗಳಿಗೆ ಬೇಕಾದದ್ದು.

ನಿಮ್ಮ ಮನೆಯವರೇ ಅಂದು ಬೇಸಿಕ್‌ನಲ್ಲಿ ಬರೆದು ಉಳಿಸಿದ ಪ್ರೋಗ್ರಾಮುಗಳ ಕ್ಯಾಸೆಟ್ ಇದ್ದರೆ ಆಟಗಳಿಗಿಂತ ಮೊದಲು ಅವನ್ನು ಉಳಿಸಿಕೊಳ್ಳಿ. ಮಾರಾಟದ ಆಟಗಳ ಪ್ರತಿ ಜಗತ್ತಿನ ಹತ್ತು ಕಡೆ ಇದೆ, ನಿಮ್ಮ ಮನೆಯದ್ದು ಒಂದೇ. ರೆಕಾರ್ಡರನ್ನು ಕಂಪ್ಯೂಟರಿನ ಲೈನ್ ಇನ್‌ಗೆ ಜೋಡಿಸಿ 44100 ಹರ್ಟ್ಸ್, 16 ಬಿಟ್, ಮೊನೊ ವೇವ್ ಕಡತವಾಗಿ ರೆಕಾರ್ಡ್ ಮಾಡಿ. ಸದ್ದು ತಗ್ಗಿಸುವ ಯಾವ ಫಿಲ್ಟರನ್ನೂ ಹಚ್ಚಬೇಡಿ.

ಮೊದಲು ಯಾವ ಆಟ?

ಜೆಟ್‌ಪ್ಯಾಕ್ (1983) 16ಕೆಯಲ್ಲೇ ಓಡುತ್ತದೆ. ಬೇಗ ತುಂಬುತ್ತದೆ, ಮೇಲಿನ ಮೆಮೊರಿ ಕೆಟ್ಟಿದ್ದರೂ ಆಡಬಹುದು, ಹಾಗಾಗಿ ಮೊದಲ ಪರೀಕ್ಷೆಗೆ ಹೇಳಿ ಮಾಡಿಸಿದ್ದು. ಮುಂದೆ ಮ್ಯಾನಿಕ್ ಮೈನರ್ (1983). ಇಪ್ಪತ್ತು ಗುಹೆಗಳು, ಕರಗುತ್ತಿರುವ ಆಮ್ಲಜನಕ, ಒಂದು ಚುಕ್ಕೆಯಷ್ಟು ತಪ್ಪಿದರೂ ಸಾವು. ಇದರಲ್ಲಿ ಮೇಲಿನ ಅಕ್ಷರ ಸಾಲಿನ ಕೀಲಿಗಳು ಒಂದು ಬಿಟ್ಟು ಒಂದರಂತೆ ಎಡಕ್ಕೆ ಮತ್ತು ಬಲಕ್ಕೆ, ಕೊನೆಯ ಸಾಲು ಪೂರ್ತಿ ಜಿಗಿತಕ್ಕೆ. ಒಂದು ಕೀಲಿ ಸತ್ತಿದ್ದರೂ ಪಕ್ಕದ ಜೋಡಿಯಿಂದ ಆಡಬಹುದು, ಹೊಸ ಪೊರೆಯ ಪರೀಕ್ಷೆಯೂ ಆಗುತ್ತದೆ. ನೈಟ್ ಲೋರ್ (1984) ಓರೆಕೋನದಿಂದ ನೋಡಿದಂತೆ ಕೋಣೆಗಳನ್ನು ತೋರಿಸಿ ಇಡೀ ಒಂದು ಬಗೆಯ ಆಟಗಳಿಗೆ ದಾರಿ ಮಾಡಿದ್ದು. ಕೋಣೆಯಲ್ಲಿ ಚಲಿಸುವ ವಸ್ತುಗಳು ಹೆಚ್ಚಾದಂತೆ ಆಟ ನಿಧಾನವಾಗುತ್ತದೆ, ಅದು ಹಾಗೆಯೇ. ಜೆಟ್ ಸೆಟ್ ವಿಲ್ಲಿ (1984) ಆಟದ ಮೊದಲ ಆವೃತ್ತಿಯಲ್ಲಿ ಅಟ್ಟದ ಕೋಣೆ ಹೊಕ್ಕು ಬಂದ ಮೇಲೆ ಬೇರೆ ಕೆಲವು ಕೋಣೆಗಳು ಆಡಲಾಗದಂತೆ ಕೆಡುತ್ತವೆ. ಮೆಮೊರಿ ಚಿಪ್ಪನ್ನು ಶಂಕಿಸಬೇಡಿ, ಅದು ಪ್ರೋಗ್ರಾಮಿನದೇ ತಪ್ಪು.

ತೀರ ಮೊದಲ ಕಾಲದ ಕೆಲವು ಆಟಗಳು ಇಶ್ಯೂ 3 ಬೋರ್ಡಿನಲ್ಲಿ ಕೀಲಿ ಒತ್ತಿದರೂ ಸ್ಪಂದಿಸುವುದಿಲ್ಲ. ಕೀಲಿಮಣೆ ಓದುವಾಗ ಇಯರ್ ಕಿಂಡಿಯ ಬಿಟ್ ಕೂಡ ಅದರ ಜೊತೆ ಬರುತ್ತದೆ, ಅದರ ಬೆಲೆ ಇಶ್ಯೂ 2ರಲ್ಲಿ ಒಂದು ಬಗೆ, 3ರಲ್ಲಿ ಇನ್ನೊಂದು. ಆಟ ಬರೆದವರು ಅದನ್ನು ಬೇರ್ಪಡಿಸಿರಲಿಲ್ಲ.

ಜಾಯ್‌ಸ್ಟಿಕ್ ಹಾಕುವವರಿಗೆ ಒಂದೇ ಎಚ್ಚರಿಕೆ, ಆದರೆ ದೊಡ್ಡದು. ಹಿಂಬದಿಯ ಕನೆಕ್ಟರಿಗೆ ಕೆಂಪ್‌ಸ್ಟನ್ (ಜಾಯ್‌ಸ್ಟಿಕ್ ಜೋಡಿಸುವ ಸಾಧನ) ಆಗಲಿ ಬೇರೆ ಯಾವುದೇ ಇಂಟರ್‌ಫೇಸ್ ಆಗಲಿ, ಕರೆಂಟು ಇರುವಾಗ ಹಾಕಲೂ ಬೇಡಿ, ತೆಗೆಯಲೂ ಬೇಡಿ. ಸ್ವಲ್ಪ ಓರೆಯಾದರೂ ಅಕ್ಕಪಕ್ಕದ ಪಟ್ಟಿಗಳು ತಾಗಿ, ಇಷ್ಟು ಹೊತ್ತು ಕಾಪಾಡಿಕೊಂಡು ಬಂದ ಪ್ರೊಸೆಸರೂ ಯುಎಲ್‌ಎಯೂ ಹೋಗುತ್ತವೆ. ಗೋಡೆಯ ಸ್ವಿಚ್ ಆಫ್, ಆಮೇಲೆ ಇಂಟರ್‌ಫೇಸ್.

ಮೆಷಿನ್ ಇಲ್ಲದವರು ಫ್ಯೂಸ್ ಎಂಬ ಉಚಿತ ಎಮ್ಯುಲೇಟರ್ (ಇಂದಿನ ಕಂಪ್ಯೂಟರಿನಲ್ಲಿ ಸ್ಪೆಕ್ಟ್ರಮ್‌ನಂತೆ ವರ್ತಿಸುವ ಪ್ರೋಗ್ರಾಮು) ಹಾಕಿಕೊಳ್ಳಬಹುದು. ರೋಮ್‌ನ (ಮೆಷಿನ್ನಿನೊಳಗೇ ಇರುವ ಮೂಲ ಪ್ರೋಗ್ರಾಮಿನ) ಹಕ್ಕು ಹೊಂದಿದ್ದ ಆಮ್‌ಸ್ಟ್ರಾಡ್ ಕಂಪನಿ ಎಮ್ಯುಲೇಟರುಗಳ ಜೊತೆ ಅದನ್ನು ಹಂಚಲು ಹಿಂದೆಯೇ ಒಪ್ಪಿಗೆ ಕೊಟ್ಟಿದೆ. ಮೆಷಿನ್ 48ಕೆ ಎಂದು ಆರಿಸಿ, ಟೇಪನ್ನು ವೇಗವಾಗಿ ಓದಿಸುವ ಆಯ್ಕೆಗಳನ್ನು ತೆಗೆದುಹಾಕಿ. ಆಗ ಪಟ್ಟೆಗಳೂ ಕೀರಲೂ ಮುಖಚಿತ್ರವೂ ನಿಜವಾದ ವೇಗದಲ್ಲೇ ಬರುತ್ತವೆ.

ಆಡಿ ಮುಗಿದ ಮೇಲೆ ಮೆಷಿನನ್ನು ಬಿಸಿ ಆರುವವರೆಗೆ ಬಿಟ್ಟು, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಮುಚ್ಚಳ ಬಿಗಿಯಾಗುವ ಡಬ್ಬಿಯಲ್ಲಿಡಿ. ಬಬಲ್ ಪ್ಲಾಸ್ಟಿಕ್ಕಿನಲ್ಲಿ ನೇರ ಸುತ್ತಬೇಡಿ, ವರ್ಷಗಳಲ್ಲಿ ಗುಳ್ಳೆಗಳ ಗುರುತು ಪ್ಲಾಸ್ಟಿಕ್ಕಿನ ಮೇಲೆ ಅಚ್ಚಾಗುತ್ತದೆ. ಹಳೆಯ ಹತ್ತಿ ಬಟ್ಟೆ ಸಾಕು. ಕ್ಯಾಸೆಟ್ಟುಗಳನ್ನು ನೆಟ್ಟಗೆ ನಿಲ್ಲಿಸಿ, ಸ್ಪೀಕರ್ ಮತ್ತು ಟಿವಿಯಿಂದ ದೂರ ಇಡಿ. ಮಳೆಗಾಲದ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಹೊರಗೆ ತೆಗೆದು, ಪೊಟ್ಟಣ ಬದಲಿಸಿ, ಅರ್ಧ ಗಂಟೆ ಚಾಲೂ ಮಾಡಿಡಿ. ಹಾಗೆ ಮಾಡಿದಾಗಲೆಲ್ಲ ಆ ಮೂರು ವೋಲ್ಟೇಜುಗಳನ್ನೂ ಅಳೆದು ಒಂದು ಚೀಟಿಯಲ್ಲಿ ತಾರೀಖಿನ ಜೊತೆ ಬರೆದು ಡಬ್ಬಿಯಲ್ಲೇ ಇಡಿ. ಮೈನಸ್ 5 ಕುಂದುತ್ತಿದೆ ಎಂಬುದು ಚಿಪ್ಪುಗಳು ಸಾಯುವ ಮುಂಚೆಯೇ ಆ ಚೀಟಿಯಲ್ಲಿ ಕಾಣುತ್ತದೆ.